ಕೆಂಗಲ್ಲ ಗುಡ್ಡದ ವಕೀಲಬಾಯಿ

ಇಳಕಲ್ ಬಸ್‌ಸ್ಟ್ಯಾಂಡಿನಲ್ಲಿ ನಾನು ಇಂದ್ರಾಬಾಯಿಗೆ ಹೇಳಿದ ಮೊದಲ ಮಾತು ಇದು: "ನಾ ನಿಮ್ಮ ಜೀಪಿನ್ಯಾಗ ಬರಂಗಿಲ್ರಿ."

೧೯೭೮ರ ಮಾರ್ಚ್ ತಿಂಗಳು. ಸರಕಾರಿ ಭೂವಿಜ್ಞಾನಿಯಾಗಿ ಬಾಗಲಕೋಟೆಗೆ ಬಂದು, ವಿದ್ಯಾಗಿರಿಯಲ್ಲಿ ಕೋಣೆ ಹಿಡಿದು, ಇನ್ನೂ ಊರಿನ ನೀರು ಒಗ್ಗಿರಲಿಲ್ಲ. ಕೆಂಗಲ್ಲು ಗ್ರ್ಯಾನೈಟ್ಸ್ ಎಂಬ ಕಂಪನಿಯ ಕಲ್ಲುಗಣಿ ನೋಡಿ ಬರುವುದು ನನ್ನ ಮೊದಲ ತಪಾಸಣೆ. ಹೊರಡುವಾಗ ಕಚೇರಿಯ ಹಿರಿಯರೊಬ್ಬರು ಬುದ್ಧಿ ಹೇಳಿದ್ದರು. "ಕಂಪನಿಯವರು ಜೀಪ ಕಳಸ್ತಾರ, ಊಟಕ್ಕ ಕರೀತಾರ. ಒಮ್ಮೆ ಹತ್ತಿದಿ ಅಂದ್ರ ಇಳಿಯೂದು ಕಷ್ಟ ನೋಡಪಾ ಕಾಶಪ್ಪ."

ಬಸ್ಸಿಳಿದಾಗ ಬೇವಿನ ಮರದ ನೆರಳಿನಲ್ಲಿ ಕಂಪನಿಯ ಹೆಸರು ಬರೆದ ಜೀಪು ನಿಂತಿತ್ತು. ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು. ಕಡುನೀಲಿ ಇಳಕಲ್ ಸೀರೆ, ಕೆಂಪು ಸೆರಗು, ಕೈಯಲ್ಲಿ ಒಂದು ಫೈಲು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಮ್ಮ ಬಸ್ಸನ್ನೇ ನೋಡುತ್ತಿದ್ದಳು. ನಾನು ನೇರ ಹೋಗಿ ಎದುರು ನಿಂತು, ಹಾದಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಪ್ಪಿಸಿಬಿಟ್ಟೆ.

ಆಕೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಹುಬ್ಬು ಸ್ವಲ್ಪ ಮೇಲೆ ಹೋಯಿತು.

"ಬ್ಯಾಡ್ರಿ," ಅಂದಳು. "ನೀವು ಯಾರಂತನೂ ನನಗ ಗೊತ್ತಿಲ್ಲ. ಜೀಪ ಬಂದಿದ್ದು ಆ ಪೆಟಗಿ ಸಂಬಂಧ."

ತಿರುಗಿ ನೋಡಿದರೆ ಜೀಪಿನ ಡ್ರೈವರ್ ಬಂದೇನವಾಜ ಬಸ್ಸಿನ ಮೇಲಿನಿಂದ ಕಟ್ಟಿಗೆಯ ಪೆಟ್ಟಿಗೆಯೊಂದನ್ನು ಇಳಿಸುತ್ತಿದ್ದ. ಬೆಳಗಾವಿಯಿಂದ ಬಂದ ಯಂತ್ರದ ಬಿಡಿಭಾಗ. ನನ್ನ ಮುಖ ಇಳಕಲ್ ಕಲ್ಲಿನಷ್ಟೇ ಕೆಂಪಾಗಿರಬೇಕು. ಬಾಡಿಗೆಗೆ ಸೈಕಲ್ ಹಿಡಿದು ಗುಡ್ಡದ ಕಡೆ ತುಳಿಯುತ್ತಿದ್ದಾಗ ಅದೇ ಜೀಪು ಧೂಳೆಬ್ಬಿಸುತ್ತ ನನ್ನನ್ನು ದಾಟಿ ಹೋಯಿತು. ಪೆಟ್ಟಿಗೆಯ ಪಕ್ಕ ಕೂತಿದ್ದ ಆಕೆ ಒಮ್ಮೆ ಹಿಂತಿರುಗಿದಳು. ಧೂಳಿಗೋ ನಗುವಿಗೋ, ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು.

ಬೆವರು ಒರೆಸಿಕೊಳ್ಳುತ್ತ ಗಣಿಯ ಆಫೀಸಿಗೆ ಕಾಲಿಟ್ಟರೆ ಮೇಜಿನ ಆಚೆ ಆಕೆಯೇ.

"ಪೆಟಗಿ ಸುಖವಾಗಿ ಮುಟ್ಟೇತ್ರಿ," ಅಂದಳು. "ನೀವು?"

ಮಾಲೀಕರಾದ ರಾಮಲಿಂಗಪ್ಪ ಸಾವುಕಾರರು ಪರಿಚಯ ಮಾಡಿಸಿದರು. "ಇವ್ರು ನಮ್ಮ ಲಾ ಆಫೀಸರ್ ಇಂದ್ರಾಬಾಯಿ. ಕಾಯದೇ, ಕಚೇರಿ, ಕರಾರು, ಎಲ್ಲಾ ಇವ್ರ ಕೈಯಾಗ. ನನ್ನ ಕಡೆ ಬರೇ ಕಲ್ಲು."

* * *

ಆ ದಿನಗಳಲ್ಲಿ ನಮ್ಮ ಕಡೆ ಹೆಣ್ಣುಮಗಳು ವಕೀಲಳಾಗುವುದೇ ಅಪರೂಪ. ಅದರಲ್ಲೂ ಕಂಪನಿಯ ವಕೀಲಳೆಂದರೆ, ಅದು ಏನು ಕೆಲಸ ಎಂದೇ ಜನಕ್ಕೆ ತಿಳಿಯುತ್ತಿರಲಿಲ್ಲ. ಇಂದ್ರಾಬಾಯಿ ಇಳಕಲ್ಲಿನ ನೇಕಾರರ ಮಗಳು. ತಂದೆ ತೀರಿಹೋಗಿದ್ದರು. ತಾಯಿ ಗುರುಲಿಂಗವ್ವ ಕುಣಿಮಗ್ಗದಲ್ಲಿ ಸೀರೆ ನೇಯ್ದು ಮಗಳನ್ನು ಧಾರವಾಡದಲ್ಲಿ ಓದಿಸಿದ್ದರು. ಲಾ ಮುಗಿಸಿ ಹುನಗುಂದ ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗಿದ್ದಾಗ ರಾಮಲಿಂಗಪ್ಪನವರು ಮದ್ರಾಸಿನ ವ್ಯಾಪಾರಿಯ ಕರಾರುಪತ್ರ ಹಿಡಿದುಕೊಂಡು ಬಂದಿದ್ದರಂತೆ. ಹಿರಿಯರು ಸಹಿ ಮಾಡಬಹುದು ಅಂದರು. ಮೂಲೆಯಲ್ಲಿ ಕೂತಿದ್ದ ಈಕೆ ಕೇಳಿದಳು: "ಹಡಗು ಹತ್ತೂ ಮೊದಲ ಕಲ್ಲು ಒಡದ್ರ ಲುಕ್ಸಾನು ಯಾರದು ಅಂತ ಇದರಾಗ ಬರದೇ ಇಲ್ಲಲ್ರಿ?" ಮರುವಾರವೇ ಸಾವುಕಾರರು ಮನೆಗೆ ಬಂದು ಗುರುಲಿಂಗವ್ವನ ಒಪ್ಪಿಗೆ ಕೇಳಿ ಆಕೆಯನ್ನು ಕೆಲಸಕ್ಕೆ ಕರೆದುಕೊಂಡು ಹೋದರು.

ಆಕೆಯ ಕೆಲಸವನ್ನು ನಾನು ಕಣ್ಣಾರೆ ಕಂಡದ್ದು ವಿಜಾಪುರದ ಕಚೇರಿಯೊಂದರಲ್ಲಿ. ಅಲ್ಲಿಯ ಅಧಿಕಾರಿ ಆಕೆಯ ಹಿಂದೆ ಮುಂದೆ ನೋಡಿ, "ಸಾವುಕಾರರು ಎಲ್ಲದಾರ?" ಅಂದರು.

"ಇಳಕಲ್ಲಿನ್ಯಾಗ."

"ಹಂಗಾದ್ರ ಮಾತು ಯಾರ ಕೂಡ?"

"ನನ್ನ ಕೂಡರಿ." ಅಷ್ಟು ಹೇಳಿ ಕುರ್ಚಿ ಎಳೆದು ಕೂತಳು. ದನಿ ಏರಿಸಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಮುಂದೆ ಅದೇ ಅಧಿಕಾರಿ, ಹೊಸ ಸುತ್ತೋಲೆ ಬಂದಾಗಲೆಲ್ಲ, "ಇಂದ್ರಾಬಾಯಾರನ್ನ ಒಂದು ಮಾತು ಕೇಳ್ರಿ, ಇದರ ಅರ್ಥ ಏನಂತ" ಅನ್ನುವಂತಾದರು.

ಆಗ ಕಲ್ಲು ಹೇರಿದ ಲಾರಿಗಳು ಸಾಗಣೆ ಪಾಸಿಗಾಗಿ ವಿಜಾಪುರದ ತನಕ ಹೋಗಿ ಕಾಯಬೇಕಿತ್ತು. ಡ್ರೈವರುಗಳು ಲಾರಿಯ ಕೆಳಗೇ ಅಡಿಗೆ ಮಾಡಿಕೊಂಡು ದಿನ ನೂಕುತ್ತಿದ್ದರು. ಪ್ರತಿ ಕಂಪನಿಯೂ ತನ್ನ ಲಾರಿ ಮೊದಲು ಬಿಡಿಸಿಕೊಳ್ಳುವ ಒಳದಾರಿ ಹುಡುಕುತ್ತಿತ್ತು. ಇಂದ್ರಾಬಾಯಿ ಒಳದಾರಿ ಹಿಡಿಯಲಿಲ್ಲ. ಬೆಂಗಳೂರಿಗೆ ಹೋಗಿ ಹಿರಿಯ ಅಧಿಕಾರಿಗಳ ಎದುರು ಕೂತು, ಪಾಸು ಇಳಕಲ್ಲಿನಲ್ಲೇ ಕೊಟ್ಟರೆ ಸರಕಾರಕ್ಕೂ ಲೆಕ್ಕ ಸರಿಯಾಗಿ ಸಿಗುತ್ತದೆ ಎಂದು ತಿಳಿಸಿ ಹೇಳಿದಳು. ಹಲವು ಸಲ ಹೋದಳು. ಕೊನೆಗೆ ಇಳಕಲ್ಲಿನಲ್ಲೇ ಪಾಸು ಕೊಡುವ ಏರ್ಪಾಡಾಯಿತು, ಎಲ್ಲ ಕಂಪನಿಗಳಿಗೂ. "ನಮ್ಮ ವೈರಿಗಳಿಗೂ ಅನುಕೂಲ ಮಾಡಿಕೊಟ್ಟಿಯಲ್ಲ" ಎಂದು ಸಾವುಕಾರರು ಗೊಣಗಿದರೆ, "ಕಾಯದೇ ಅಂದ್ರ ಬಾವಿ ಇದ್ಹಂಗರಿ. ನಮ್ಮೊಬ್ರಿಗೇ ತೋಡಾಕ ಬರಂಗಿಲ್ಲ" ಅಂದಳಂತೆ.

ಅದನ್ನು ಕೇಳಿದ ದಿನ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ತಪಾಸಣೆಗೆ ಹೋದಾಗಲೆಲ್ಲ ನಾವಿಬ್ಬರೂ ಒಬ್ಬರ ಚಹಾ ಒಬ್ಬರು ಕುಡಿಯುತ್ತಿರಲಿಲ್ಲ. ನಾನು ಕಂಪನಿಯ ಚಹಾ ಮುಟ್ಟುತ್ತಿರಲಿಲ್ಲ. ಆಕೆ ಬಾಗಲಕೋಟೆಗೆ ಬಂದರೆ ಸರಕಾರಿ ಚಹಾ ಬೇಡವೆನ್ನುತ್ತಿದ್ದಳು. ಗುಡ್ಡದ ಮೇಲೆ ನಾನು ಟೇಪು ಹಿಡಿದು ಅಳೆಯುವಾಗ ಆಕೆ ತುಸು ದೂರದ ಬಂಡೆಯ ಮೇಲೆ ಕೂತಿರುತ್ತಿದ್ದಳು. ನಾನು ತಲೆ ಎತ್ತಿದರೆ ಆಕೆಯ ನೋಟ ಫೈಲಿಗೆ ಇಳಿಯುತ್ತಿತ್ತು. ನಾನು ತಲೆ ತಗ್ಗಿಸಿದರೆ ಬೆನ್ನ ಮೇಲೆ ಆ ನೋಟ ಬಂದು ಕೂತದ್ದು ನನಗೆ ಗೊತ್ತಾಗುತ್ತಿತ್ತು.

"ಎರಡು ಸಲ ಅಳದ್ರೆಲ್ಲ ಸಾಹೇಬ್ರ," ಎಂದಳು ಒಮ್ಮೆ. "ನಮ್ಮ ಮ್ಯಾಲೆ ಅಷ್ಟು ಸಂಶೆ ಏನ್ರಿ?"

ಬೇಗ ಮುಗಿದರೆ ಹೊರಡಬೇಕಾಗುತ್ತದೆ ಎಂದು ನಾನು ಹೇಳಲಿಲ್ಲ. ಆದರೆ ಆಕೆಗೆ ತಿಳಿಯಿತು. ಕಿವಿಯ ಅಂಚು ಕೆಂಪಾಯಿತು.

* * *

ಮರುವರ್ಷದ ಚಳಿಗಾಲದಲ್ಲಿ ಗಣಿ ಮಾಲೀಕರ ಮತ್ತು ಅಧಿಕಾರಿಗಳ ಸಭೆ ಬಾದಾಮಿಯಲ್ಲಿ ಸೇರಿತು. ಊಟದ ಹೊತ್ತಿಗೆ ನಾನು ಅಗಸ್ತ್ಯತೀರ್ಥದ ಕೆರೆಯ ಮೆಟ್ಟಿಲಿಗೆ ಬಂದೆ. ಆಕೆ ಆಗಲೇ ಅಲ್ಲಿದ್ದಳು. ರೊಟ್ಟಿ ಬುತ್ತಿ ಬಿಚ್ಚಿಕೊಂಡು, ಎದುರಿನ ಕೆಂಪು ಗುಡ್ಡ ನೋಡುತ್ತಿದ್ದಳು. ಅರಿವೆ ಒಗೆಯುವ ಸಪ್ಪಳ ಬಂಡೆಗೆ ಬಡಿದು ಮರಳಿ ಬರುತ್ತಿತ್ತು.

"ಇದೂ ಕೆಂಪು, ನಮ್ಮದೂ ಕೆಂಪು," ಅಂದಳು. "ಏನು ಫರಕ್ರಿ?"

"ಇದು ಮರಳುಗಲ್ಲು. ಮಿದು. ಅದಕ ಇದರಾಗ ದೇವರನ್ನ ಕೆತ್ತ್ಯಾರ. ಇಳಕಲ್ ಕಲ್ಲು ಅಷ್ಟು ಸರಳ ಮಾತು ಕೇಳಂಗಿಲ್ಲ."

"ಇಳಕಲ್ ಮಂದಿ?"

"ಅವ್ರನ್ನೂ ಅಳತಿ ಮಾಡಾಕತ್ತೇನಿ. ಇನ್ನೂ ಮುಗದಿಲ್ಲ."

ಆಕೆ ನಕ್ಕಳು. ನೀರಿನ ಬೆಳಕು ಮುಖದ ಮೇಲೆ ಅಲುಗುತ್ತಿತ್ತು. ಇಷ್ಟು ದಿನ ಮೇಜು, ಫೈಲು, ಕಲ್ಲು ಏನಾದರೂ ಒಂದು ನಮ್ಮ ನಡುವೆ ಇರುತ್ತಿತ್ತು. ಈಗ ಒಂದು ಬುತ್ತಿಯಷ್ಟೇ.

"ಇಂದ್ರಾಬಾಯಾರ, ನಿಮ್ಮನ್ನ ಒಂದು ಮಾತು ಕೇಳಬೇಕಾಗೇತ್ರಿ."

ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. "ಈಗ ಕೇಳಬ್ಯಾಡ್ರಿ."

"ಏನಂತ ಗೊತ್ತಿಲ್ಲದ?"

"ಗೊತ್ತೈತಿ. ಅದಕ ಬ್ಯಾಡಂದೆ." ನೀರು ನೋಡುತ್ತಲೇ ಹೇಳಿದಳು. "ನಮ್ಮ ಗಣಿ ಪರವಾನಗಿ ನವೀಕರಣಕ್ಕ ಬರೂದೈತಿ. ಅದರ ತಪಾಸಣಿ ನಿಮ್ಮದ. ಅದು ಮುಗಿಯೂ ತನಕ ನೀವು ಸರಕಾರ, ನಾ ಕಂಪನಿ. ಈಗ ನಾ ಹೂಂ ಅಂದ್ರ ನಾಳೆ ನಿಮ್ಮ ಸಹಿಗೆ ಬೆಲಿ ಇರಂಗಿಲ್ಲ. ಒಲ್ಲೆ ಅಂದ್ರ..."

"ಒಲ್ಲೆ ಅಂದ್ರ?"

ಆಗ ನನ್ನತ್ತ ತಿರುಗಿದಳು. ಕಣ್ಣಿನಲ್ಲಿ ತುಂಟತನವೂ ಇತ್ತು, ಹೆದರಿಕೆಯೂ ಇತ್ತು. "ಒಲ್ಲೆ ಅಂತೇನಿ ಅಂತ ನಿಮಗ ಅನಸೈತೇನು?"

ಅರ್ಧ ರೊಟ್ಟಿಯನ್ನು ಕೊಡಲು ಕೈ ಚಾಚಿ, ಮತ್ತೆ ನೆನಪಾಗಿ, ಹಿಂದಕ್ಕೆ ತೆಗೆದುಕೊಂಡಳು. ನನ್ನ ಕೈಗೆ ಬಾರದ ಆ ಅರ್ಧ ರೊಟ್ಟಿಯಷ್ಟು ರುಚಿಯಾದದ್ದನ್ನು ನಾನು ಇಂದಿನವರೆಗೆ ತಿಂದಿಲ್ಲ.

* * *

೧೯೮೦ರಲ್ಲಿ ನವೀಕರಣದ ಕಾಲ ಬಂತು. ಅದೇ ಹೊತ್ತಿಗೆ ದೊಡ್ಡ ಕೈಯಿರುವ ಒಬ್ಬರ ಕಣ್ಣು ಆ ಗುಡ್ಡದ ಮೇಲೆ ಬಿದ್ದಿತ್ತು. ನನ್ನ ಮೇಲಧಿಕಾರಿ ಕೋಣೆಗೆ ಕರೆದು ಬಾಗಿಲು ಹಾಕಿದರು.

"ಕಂಪನಿಯವರು ಮೂಡಣ ಗಡಿ ದಾಟಿ ಕಲ್ಲು ತೆಗೆದಿದ್ದಾರೆ ಅಂತ ದೂರು ಬಂದಿದೆ. ನೀವು ಹಾಗೇ ವರದಿ ಕೊಡಿ. ಪರವಾನಗಿ ರದ್ದಾಗುತ್ತದೆ."

ನಾನು ಹೋಗಿ ಅಳೆದೆ. ಮೂಡಣದಲ್ಲಿ ಕಂಪನಿ ಒಂದು ಮೊಳವೂ ದಾಟಿರಲಿಲ್ಲ. ಆದರೆ ಪಡುವಣದಲ್ಲಿ, ಯಮನವ್ವ ಎಂಬ ವಿಧವೆಯ ಹೊಲದ ಬದುವನ್ನು ಗಣಿ ತಿಂದುಹಾಕಿತ್ತು. ಆಕೆಯ ಬಾವಿಯ ದಂಡೆಗೆ ಬಿರುಕು ಬಿಟ್ಟಿತ್ತು. ದೂರಿನಲ್ಲಿ ಆ ಮಾತೇ ಇರಲಿಲ್ಲ, ಯಮನವ್ವನ ಪರವಾಗಿ ದೂರುವವರು ಯಾರಿದ್ದರು? ಕಂಡದ್ದನ್ನೇ ಹೇಳಿದೆ. ಮೇಲಧಿಕಾರಿಗೆ ಸಿಟ್ಟು ಬಂತು. ನನ್ನ ಮಾತನ್ನು ಬದಿಗಿಟ್ಟು ಮೂಡಣ ಗಡಿಯ ಆರೋಪದ ಮೇಲೆಯೇ ಕಂಪನಿಗೆ ನೋಟೀಸು ಕೊಟ್ಟರು. ವಿಜಾಪುರದಲ್ಲಿ ವಿಚಾರಣೆ ಗೊತ್ತಾಯಿತು. ವಿಚಾರಣೆಗೆ ಬೆಂಗಳೂರಿನಿಂದ ಹಿರಿಯ ಅಧಿಕಾರಿ ಬರುವವರಿದ್ದರು.

"ನಿಮ್ಮನ್ನು ಕೇಳಿದರೆ ನೆನಪಿಲ್ಲ ಅನ್ನಿ," ಅಂದರು ನನ್ನ ಮೇಲಧಿಕಾರಿ. "ಬಾಗಲಕೋಟೆಯಲ್ಲೇ ಇರುತ್ತೀರಿ. ಇಲ್ಲದಿದ್ದರೆ ರಾಜ್ಯದ ಆ ತುದಿ ನೋಡಬೇಕಾಗುತ್ತದೆ."

ಬಾಗಲಕೋಟೆಯಲ್ಲಿ ಇರುವುದೆಂದರೆ ನನಗೆ ಏನು ಎಂಬುದು ಅವರಿಗೆ ಗೊತ್ತಿರಲಿಲ್ಲ.

ಇಳಕಲ್ಲಿನಲ್ಲಿ ಆ ದಿನಗಳಲ್ಲಿ ನಡೆದದ್ದನ್ನು ಮುಂದೆ ರಾಮಲಿಂಗಪ್ಪನವರೇ ನನಗೆ ಹೇಳಿದರು. ನೋಟೀಸು ಬಂದ ಮರುದಿನ ಇಂದ್ರಾಬಾಯಿ ಬಂದೇನವಾಜನನ್ನು ಕರೆದುಕೊಂಡು ಗಡಿಯ ಕಲ್ಲುಗಳನ್ನೆಲ್ಲ ಸುತ್ತಿ ಬಂದಳಂತೆ. ಬಂದವಳೇ ಸಾವುಕಾರರ ಮುಂದೆ ನಿಂತಳು.

"ಮೂಡಣಕ್ಕ ನಾವು ಸ್ವಚ್ಛ ಅದೇವ್ರಿ. ಪಡುವಣಕ್ಕ ಅಲ್ಲ. ಯಮನವ್ವನ ಹೊಲ ನಾವು ಹೊಕ್ಕೇವಿ."

"ನೋಟೀಸಿನ್ಯಾಗ ಅದು ಎಲ್ಲೈತಿ?"

"ಇಲ್ಲ."

"ಮತ್ತ ಯಾಕ ಕೆದಕ್ತಿ ತಂಗಿ?"

"ಸಾವುಕಾರ್ರ, ನಾ ಅಲ್ಲಿ ನಿಂತು, ನಮ್ಮ ಕಂಪನಿ ಗಡಿ ದಾಟಿಲ್ಲ ಅನಬೇಕು. ಅರ್ಧ ಸುಳ್ಳು ಹಿಡಕೊಂಡು ನಿಂತ್ರ ನನ್ನ ದನಿನ ನಡಗತೈತಿ. ಮೊದಲ ಯಮನವ್ವನ ಹೊಲ ಬಿಟ್ಟುಕೊಡ್ರಿ. ಬಾವಿ ಕಟ್ಟಿಸಿಕೊಡ್ರಿ. ಆಮ್ಯಾಲೆ ನೋಡ್ರಿ ನಾ ಹೆಂಗ ಮಾತಾಡ್ತೇನಿ."

ಸಾವುಕಾರರು ಎರಡು ದಿನ ಆಕೆಯ ಜೊತೆ ಮಾತು ಬಿಟ್ಟರು. ಬೇರೆ ವಕೀಲರನ್ನು ನೋಡುತ್ತೇನೆ ಅಂದರು. ನೋಡ್ರಿ, ಅಂದಳು ಆಕೆ. ಮೂರನೆಯ ದಿನ ತಾವೇ ಯಮನವ್ವನ ಮನೆಗೆ ಹೋದರು. ವಿಚಾರಣೆಯ ಹೊತ್ತಿಗೆ ಬದುವಿನಲ್ಲಿ ಹೊಸ ಗೋಡೆ ಎದ್ದಿತ್ತು, ಬಾವಿಗೆ ಹೊಸ ದಂಡೆ ಬಂದಿತ್ತು.

ನನಗೆ ಇದೊಂದೂ ಗೊತ್ತಿರಲಿಲ್ಲ. ಆ ತಿಂಗಳುಗಳಲ್ಲಿ ನಮಗೆ ಭೇಟಿಯೇ ಇರಲಿಲ್ಲ.

* * *

ವಿಚಾರಣೆಯ ಕೋಣೆಯಲ್ಲಿ ಆಕೆ ಬಿಳಿ ಸೀರೆ, ಕಪ್ಪು ಕೋಟಿನಲ್ಲಿ ಬಂದಳು. ನನ್ನತ್ತ ಒಮ್ಮೆ ನೋಡಿದಳು. ಆ ನೋಟದಲ್ಲಿ ಬಾದಾಮಿಯ ನೀರಿರಲಿಲ್ಲ, ವಕೀಲಳಿದ್ದಳು. ನನ್ನ ಮೇಲಧಿಕಾರಿ ಎರಡನೆಯ ಸಾಲಿನಲ್ಲಿ ಕೂತು ಮೀಸೆ ಸವರುತ್ತಿದ್ದರು.

"ನೀವು ಗುಡ್ಡವನ್ನು ಸ್ವತಃ ಅಳೆದಿದ್ದೀರಾ?" ನಾನು ಸಾಕ್ಷಿಗೆ ನಿಂತಾಗ ಪುಸ್ತಕದ ಕನ್ನಡದಲ್ಲಿ ಕೇಳಿದಳು. ಆ ದನಿ ನನಗೆ ಹೊಸದು.

"ಹೌದು."

"ಮೂಡಣ ಗಡಿಯನ್ನು ಕಂಪನಿ ದಾಟಿದ್ದು ನಿಮಗೆ ಕಂಡಿತೆ?"

ನೆನಪಿಲ್ಲ ಎನ್ನುವುದು ಎಷ್ಟು ಸುಲಭವಾಗಿತ್ತು. ಆ ಒಂದು ಮಾತಿನಿಂದ ವಿದ್ಯಾಗಿರಿಯ ಕೋಣೆ, ವಾರಕ್ಕೊಮ್ಮೆ ಇಳಕಲ್ ಬಸ್ಸು, ಬಂಡೆಯ ಮೇಲೆ ಕೂತ ಆಕೆ, ಎಲ್ಲ ನನಗೆ ಉಳಿಯುತ್ತಿತ್ತು. ನಾನು ಆಕೆಯ ಮುಖ ನೋಡಿದೆ. ಆಕೆ ಬೇಡುತ್ತಿರಲಿಲ್ಲ, ಹೆದರಿಸುತ್ತಲೂ ಇರಲಿಲ್ಲ. ಬಾವಿಗೆ ಕೊಡ ಬಿಟ್ಟವರು ನೀರು ತುಂಬುವುದನ್ನು ಕಾಯುವ ಹಾಗೆ ಸುಮ್ಮನೆ ಕಾಯುತ್ತಿದ್ದಳು.

"ಇಲ್ಲ," ಅಂದೆ. "ಕಂಪನಿ ಮೂಡಣ ಗಡಿ ದಾಟಿಲ್ಲ. ಇದನ್ನು ಆಗಲೇ ಇಲಾಖೆಗೆ ತಿಳಿಸಿದ್ದೇನೆ."

ಕೋಣೆಯಲ್ಲಿ ಗುಜುಗುಜು ಎದ್ದಿತು. ಆಕೆ ಅಲ್ಲಿಗೇ ನಿಲ್ಲಿಸಬಹುದಿತ್ತು. ಬೇರೆ ಯಾವ ವಕೀಲರಾದರೂ ನಿಲ್ಲಿಸುತ್ತಿದ್ದರು.

"ಬೇರೆ ಯಾವ ಕಡೆಯಾದರೂ ದಾಟಿದೆಯೆ?"

ರಾಮಲಿಂಗಪ್ಪನವರು ಕಣ್ಣು ಮುಚ್ಚಿಕೊಂಡರು. ನಾನು ಪಡುವಣದ ಸಂಗತಿ ಹೇಳಿದೆ. ಹಿರಿಯ ಅಧಿಕಾರಿ ಕನ್ನಡಕ ತೆಗೆದು ಆಕೆಯನ್ನು ನೋಡಿದರು. ಆಗ ಆಕೆ ತಾನೇ ಮುಂದೆ ಬಂದು, ಕಂಪನಿಯ ತಪ್ಪನ್ನು ಒಪ್ಪಿಕೊಂಡು, ಹೊಲ ಮರಳಿಸಿದ್ದನ್ನು, ಬಾವಿ ಕಟ್ಟಿಸಿದ್ದನ್ನು ಹೇಳಿದಳು. ಹಿಂದೆ ಕೂತಿದ್ದ ಯಮನವ್ವ ಎದ್ದು ನಿಂತರು. "ಖರೆ ಐತ್ರಿ ಸಾಹೇಬ್ರ. ನಾ ಕೇಳದನ ಬಂದು ಮಾಡಿಕೊಟ್ಟಾರ."

"ನೀವು ಕೇಳದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ," ಅಂದರು ಹಿರಿಯರು ಇಂದ್ರಾಬಾಯಿಗೆ.

"ನಾಳೆ ಯಾವಾಗಲೋ ಗೊತ್ತಾಗುತ್ತಿತ್ತು ಸರ್. ಆಗ ಮೂಡಣದ ಬಗ್ಗೆ ನಾವು ಹೇಳಿದ್ದನ್ನೂ ಯಾರೂ ನಂಬುತ್ತಿರಲಿಲ್ಲ."

ಪರವಾನಗಿ ನವೀಕರಣವಾಯಿತು. ನನ್ನ ವರ್ಗಾವಣೆಯ ಆದೇಶ ಅದಕ್ಕಿಂತ ಮೊದಲೇ ಬಂತು: ಚಾಮರಾಜನಗರ.

* * *

ಆದೇಶ ಜೇಬಿನಲ್ಲಿಟ್ಟುಕೊಂಡು ಇಳಕಲ್ಲಿನ ಅವರ ಮನೆಗೆ ಹೋದೆ. ಬೆಳಗಿನ ಹೊತ್ತು. ಗುರುಲಿಂಗವ್ವ ಕುಣಿಮಗ್ಗದಲ್ಲಿ ಕೂತು ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುತ್ತಿದ್ದರು. ಬೆರಳು ನಿಲ್ಲಿಸದೆಯೇ, "ಕೂಡ್ರಿ," ಅಂದರು. "ಆಕಿ ಒಳಗದಾಳ. ನೀವು ಕಲ್ಲಿನ ಸಾಹೇಬ್ರಲ್ಲ?"

"ಹೂನ್ರಿ ಯವ್ವಾ. ನಿಮಗ ಹೆಂಗ ಗೊತ್ತು?"

"ಎರಡು ವರ್ಷದಿಂದ ಉಣ್ಣೂಮುಂದ ಬರೇ ಗುಡ್ಡದ ಸುದ್ದಿ ಹೇಳ್ತಾಳ. ಗುಡ್ಡದಾಗ ಮನಷಾ ಇಲ್ಲದ ಅಷ್ಟು ಸುದ್ದಿ ಎಲ್ಲಿಂದ ಬರಬೇಕು?"

"ಅವ್ವ," ಎಂದು ಒಳಗಿಂದ ದನಿ ಬಂತು. ಹಿಂದೆಯೇ ಆಕೆ ಬಂದಳು. ಕೂದಲು ಇನ್ನೂ ಹೆಣೆದಿರಲಿಲ್ಲ. ಕೈಯಲ್ಲಿ ಫೈಲೂ ಬುತ್ತಿಯೂ ಏನೂ ಇಲ್ಲದೆ ಆಕೆಯನ್ನು ನೋಡಿದ್ದು ಅದೇ ಮೊದಲು. ಕೈಗಳನ್ನು ಎಲ್ಲಿಡಬೇಕು ಎಂದು ತಿಳಿಯದವಳ ಹಾಗೆ ಕಂಬ ಹಿಡಿದು ನಿಂತಳು.

ನಾನು ಕೇಳಿದೆ, "ಆವತ್ತು ಆ ಕೋಣ್ಯಾಗ, ನಾ ಏನು ಉತ್ತರ ಕೊಡ್ತೇನಿ ಅಂತ ನಿಮಗ ಗೊತ್ತಿತ್ತೇನ್ರಿ?"

"ಇಲ್ಲ."

"ಉತ್ತರ ಗೊತ್ತಿಲ್ಲದ ಪ್ರಶ್ನಿ ವಕೀಲರು ಕೇಳಬಾರದಂತ."

"ಉತ್ತರ ಗೊತ್ತಿರಲಿಲ್ಲ," ಅಂದಳು ಮೆಲ್ಲಗೆ. "ನೀವು ಗೊತ್ತಿದ್ರಿ." ಆಮೇಲೆ ತಾನೇ ಸೇರಿಸಿದಳು: "ನಿಮ್ಮ ನೌಕರಿಗೆ ಧಕ್ಕಿ ಬರತೈತಿ ಅಂತನೂ ಗೊತ್ತಿತ್ತು. ಆದ್ರೂ ಕೇಳಿದೆ. ಸಿಟ್ಟು ಬಂದೈತೇನ್ರಿ?"

"ನೀವು ಕೇಳದ ಬಿಟ್ಟಿದ್ರ ಬರತಿತ್ತು."

ಎಳೆ ಕೂಡಿಸುತ್ತಿದ್ದ ಬೆರಳುಗಳು ನಿಂತಿದ್ದವು. ಗುರುಲಿಂಗವ್ವ ನೂಲು ತರುವ ನೆಪ ಮಾಡಿ ಹಿತ್ತಲಿಗೆ ಹೋದರು.

"ಕೇಸು ಮುಗೀತು," ಅಂದೆ. "ನನಗ ಚಾಮರಾಜನಗರಕ್ಕ ವರ್ಗಾ ಆಗೇತ್ರಿ. ಈಗ ನಿಮಗ ನಾ ಸರಕಾರ ಅಲ್ಲ, ನನಗ ನೀವು ಕಂಪನಿ ಅಲ್ಲ. ಕೇಳಲೇನ್ರಿ?"

"ಕೇಳೂ ಮೊದಲ ನಂದೊಂದು ಕೇಳ್ರಿ." ದನಿಯನ್ನು ವಕೀಲಳ ದನಿ ಮಾಡಲು ನೋಡಿದಳು, ಆಗಲಿಲ್ಲ. "ರಾಜ್ಯದ ಗಣಿ ಮಾಲೀಕರೆಲ್ಲ ಕೂಡಿ, ಸರಕಾರದ ಮುಂದ ತಮ್ಮ ಪರವಾಗಿ ಮಾತಾಡಾಕ ನನ್ನ ಕರದಾರ. ಕಂಪನಿ ಕೆಲಸದ ಕೂಡ ಅದನ್ನೂ ಒಪ್ಪೇನಿ. ತಿಂಗಳಾ ಬೆಂಗಳೂರಿಗೆ ಹೋಗೂದು ಬರೂದು. ನಾ ಇದನ್ನ ಬಿಡಂಗಿಲ್ಲ. ನಿಮ್ಮ ಮನ್ಯಾಗ, ಸೊಸಿ ಊರೂರು ತಿರಗತಾಳ ಅಂತಾರ."

"ನಮ್ಮವ್ವ ಆಗಲೇ ಅಂದಾಳ."

"ನೀವೇನಂದ್ರಿ?"

"ತಿರಗಿದಲ್ಲೆಲ್ಲ ನಾಕು ಮಂದಿಗೆ ಒಳ್ಳೇದು ಮಾಡಿ ಬರ್ತಾಳ ಅಂದೆ. ಹಂಗಾದ್ರ ನಮ್ಮೂರು ಕೆರೂರಿಗೆ ಸರಿಯಾದ ಬಸ್ಸಿಲ್ಲ, ಅದನ್ನೂ ಆಕಿಗೆ ಹೇಳಂದ್ಲು."

ಆಕೆ ಜೋರಾಗಿ ನಕ್ಕಳು. ನಗುತ್ತ ನಗುತ್ತ ಕಣ್ಣು ತುಂಬಿ ಬಂದವು, ಒರೆಸಿಕೊಳ್ಳಲಿಲ್ಲ.

ನಾನು ಕೇಳಿದೆ. ಆಕೆ ಕಂಬ ಬಿಟ್ಟು ಬಂದು ನನ್ನ ಎದುರು ಕೂತಳು. "ಹೂಂ," ಅಂದಳು. ಎರಡು ವರ್ಷ ಕಾಯ್ದ ಮಾತು ಅಷ್ಟೇ ಚಿಕ್ಕದಿತ್ತು.

* * *

ಕೂಡಲಸಂಗಮದಲ್ಲಿ ಮದುವೆಯಾಯಿತು. ಆಡಂಬರವಿರಲಿಲ್ಲ. ಗುರುಲಿಂಗವ್ವ ತಾವೇ ನೇಯ್ದ ಸೀರೆ ಮಗಳಿಗೆ ಉಡಿಸಿದರು. ನಮ್ಮವ್ವ ಶಿವಲಿಂಗವ್ವ ಬಂದವರಿಗೆಲ್ಲ, "ನನ್ನ ಸೊಸಿ ಬೆಂಗಳೂರಾಗ ಸರಕಾರದ ಕೂಡ ಮಾತಾಡ್ತಾಳ" ಎಂದು ಹೇಳಿ ಹೇಳಿ ದಣಿದಳು. ರಾಮಲಿಂಗಪ್ಪನವರು ಅಕ್ಷತೆ ಹಾಕಿ ನನ್ನ ಕಿವಿಯಲ್ಲಿ, "ಸಾಹೇಬ್ರ, ಆಕಿ ಮುಂದ ಅರ್ಧ ಖರೆ ಹೇಳಾಕ ಹೋಗಬ್ಯಾಡ್ರಿ. ನಾ ನೋಡೇನಿ" ಅಂದರು.

ಮದುವೆಯ ಮುಂದಿನ ವಾರವೇ ಬೆಂಗಳೂರಿನ ಸಭೆ. ನಾನು ಎರಡು ದಿನದ ನಂತರ ಚಾಮರಾಜನಗರಕ್ಕೆ ಹೊರಡುವವನಿದ್ದೆ. ಬಾಗಲಕೋಟೆ ಸ್ಟೇಷನ್ನಿಗೆ ಆಕೆಯನ್ನು ಕಳಿಸಲು ಹೋದೆ. ಹಸಿರು ಬಳೆಯ ಕೈಯಲ್ಲಿ ಬುತ್ತಿ, ಮಡಿಲಲ್ಲಿ ಕಾಯದೆಯ ಪುಸ್ತಕ. ರೈಲಿನ ಅದೇ ಡಬ್ಬಿಯಲ್ಲಿದ್ದ ಹಿರಿಯರೊಬ್ಬರು ಕುತೂಹಲದಿಂದ ಕೇಳಿದರು: "ತವರಿಗೆ ಹೊಂಟಿಯೇನವಾ?"

"ಇಲ್ರಿ ಅಜ್ಜಾರ, ವಿಧಾನಸೌಧಕ್ಕ," ಅಂದಳು. ಅವರು ನನ್ನ ಮುಖ ನೋಡಿದರು. ನನ್ನ ಮುಖದಲ್ಲಿದ್ದ ಹೆಮ್ಮೆ ಕಂಡು ಪಕ್ಕಕ್ಕೆ ಸರಿದು ಆಕೆಗೆ ಕಿಟಕಿಯ ಜಾಗ ಬಿಟ್ಟುಕೊಟ್ಟರು.

ಗಾಡಿ ಸಿಳ್ಳು ಹಾಕಿತು. ಆಕೆ ಕಿಟಕಿಯ ಸರಳಿನ ನಡುವೆ ಕೈ ಚಾಚಿ ನನ್ನ ಬೆರಳು ಹಿಡಿದಳು. ನೂರು ಅಧಿಕಾರಿಗಳ ಎದುರು ನಡುಗದ ದನಿ ಈಗ ನಡುಗಿತು.

"ಸಭಾ ಮುಗದ ಕೂಡಲೆ ಚಾಮರಾಜನಗರದ ಬಸ್ಸ ಹತ್ತತೇನಿ. ಅಲ್ಲೀ ತನಕ ಹೊತ್ತಿಗೆ ಸರಿಯಾಗಿ ಉಣ್ರಿ." ಗಾಡಿ ಅಲುಗಿತು. ನಾನು ಜೊತೆಗೆ ನಡೆಯತೊಡಗಿದೆ. ಆಕೆ ಕಿಟಕಿಗೆ ಮುಖ ಹಚ್ಚಿ, ಅಜ್ಜನಿಗೆ ಕೇಳದ ಹಾಗೆ, ಎಂದೂ ಆಡದ ಏಕವಚನದಲ್ಲಿ ಮೆಲ್ಲಗೆ ಹೇಳಿದಳು:

"ನನ್ನ ಹಾದಿ ಕಾಯಿ. ನೀ ಇದ್ದಲ್ಲೇ ನನ್ನ ಮನಿ."